ಹಳ್ಳವನ್ನೂ ಅಳೆಯಿರಿ, ಜಗಲಿಯಲ್ಲೂ ಕೂರಿ

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿ, ದೊಡ್ಡಬಳ್ಳಾಪುರದ ಸೀಮೆಯನ್ನು ಹಾದು, ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಗಳನ್ನು ದಾಟಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿಗೆ 1890ರ ದಶಕದಲ್ಲಿ ಕೊಳವೆಯ ನೀರು ಬಂದದ್ದು ಈ ನದಿಯ ಹೆಸರಘಟ್ಟ ಕೆರೆಯಿಂದ. ಈಗ ಮೇಲ್ಭಾಗದಲ್ಲಿ ವರ್ಷದ ಬಹುಕಾಲ ಒಣಗಿದ ಪಾತ್ರವಷ್ಟೇ ಕಾಣುತ್ತದೆ. ಏಕೆಂದು ಕೇಳಿದರೆ, ಮಳೆ ಕಡಿಮೆಯಾಯಿತು ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಮಳೆಯ ದಾಖಲೆ ತೆಗೆದು ನೋಡಿದ ಸಂಶೋಧಕರಾದರೋ ಕೊಳವೆಬಾವಿಗಳತ್ತ, ನೀಲಗಿರಿ ತೋಪುಗಳತ್ತ ಕೈ ತೋರಿಸಿದ್ದಾರೆ. ಇಂಥ ಪ್ರಶ್ನೆಗೆ ಮಳೆಮಾಪಕವೊಂದೇ ಉತ್ತರ ಕೊಡಲಾರದು, ಊರವರ ಮಾತೊಂದೇ ಸಾಲದು. ಭೂಗೋಳದ ಕ್ಷೇತ್ರಕಾರ್ಯವೆಂದರೆ ಇವೆರಡನ್ನೂ ಒಂದೇ ನಕ್ಷೆಯ ಮೇಲೆ ಕೂಡಿಸುವ ಕೆಲಸ.

ಹೊರಡುವ ಮೊದಲು ಪ್ರಶ್ನೆ ಗಟ್ಟಿಯಾಗಬೇಕು. ‘ನಮ್ಮೂರಿನ ನೀರಿನ ಸ್ಥಿತಿ’ ಎಂಬುದು ಪ್ರಶ್ನೆಯಲ್ಲ, ಬರೀ ತಲೆಬರಹ. ‘ನೀಲಗಿರಿ ತೋಪಿನ ನೆಲ ರಾಗಿ ಹೊಲದ ನೆಲಕ್ಕಿಂತ ನಿಧಾನವಾಗಿ ನೀರು ಕುಡಿಯುತ್ತದೆಯೇ?’ ಎಂದು ಕೇಳಿಕೊಂಡರೆ ಏನನ್ನು, ಎಲ್ಲಿ, ಎಷ್ಟು ಸಲ ಅಳೆಯಬೇಕೆಂದು ತಾನಾಗಿಯೇ ಗೊತ್ತಾಗುತ್ತದೆ. ಆಮೇಲೆ ನಕ್ಷೆ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ನಿಂತ ಜಾಗದ ಸರ್ವೆ ನಂಬರ್ ಬೇಕಿದ್ದರೆ ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ಇದೆ. ಹಳೆಯ ಹಾಳೆಯಲ್ಲಿ ಕೆರೆ ಇದ್ದು, ನೀವು ನಿಂತಲ್ಲಿ ಲೇಔಟ್ ಇದ್ದರೆ, ನಿಮ್ಮ ಮೊದಲ ದತ್ತಾಂಶ ಸಿಕ್ಕಿತೆಂದೇ ಲೆಕ್ಕ.

ಈಗ ಹಳ್ಳಕ್ಕಿಳಿಯೋಣ. ನೀರು ಮೊಣಕಾಲಿಗಿಂತ ಮೇಲಿದ್ದರೆ ಅಥವಾ ಮೇಲಿನ ಕಡೆ ಮೋಡ ಕಟ್ಟಿದ್ದರೆ ಇಳಿಯಲೇಬೇಡಿ. ನೇರವಾಗಿ, ಹೆಚ್ಚು ಕಲ್ಲುಬಂಡೆಗಳಿಲ್ಲದೆ ಹರಿಯುವ ಹತ್ತು ಮೀಟರ್ ಭಾಗವನ್ನು ಆರಿಸಿ, ಎರಡು ತುದಿಗೂ ಗೂಟ ನೆಡಿ. ದಡದಿಂದ ದಡಕ್ಕೆ ಟೇಪು ಎಳೆದು ಅಗಲ ಬರೆದುಕೊಳ್ಳಿ. ಆ ಟೇಪಿನುದ್ದಕ್ಕೂ ಅರ್ಧ ಮೀಟರಿಗೊಮ್ಮೆ ಸ್ಕೇಲನ್ನು ನೆಟ್ಟಗೆ ಇಳಿಸಿ ಆಳ ನೋಡಿ. ನಡುವೆ ಮಾತ್ರ ಅಳೆದರೆ ಹಳ್ಳ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಗಲವನ್ನು ಸರಾಸರಿ ಆಳದಿಂದ ಗುಣಿಸಿದರೆ ಅಡ್ಡಕೊಯ್ತದ ವಿಸ್ತೀರ್ಣ ಬಂತು.

ವೇಗಕ್ಕೆ ಒಂದು ಕಿತ್ತಳೆ ಹಣ್ಣು ಸಾಕು. ಅದು ಬಹುಪಾಲು ಮುಳುಗಿಯೇ ತೇಲುತ್ತದೆ, ಹಾಗಾಗಿ ಗಾಳಿ ಅದನ್ನು ತಳ್ಳುವುದಿಲ್ಲ. ಥರ್ಮಾಕೋಲ್ ಚೂರು ಬಿಟ್ಟರೆ ನೀವು ಅಳೆಯುವುದು ಅರ್ಧ ಗಾಳಿಯನ್ನೇ. ಹಣ್ಣನ್ನು ಮೊದಲ ಗೂಟಕ್ಕಿಂತ ಸ್ವಲ್ಪ ಮೇಲೆ ನೀರಿಗೆ ಬಿಟ್ಟು, ಎರಡು ಗೂಟಗಳ ನಡುವಿನ ಸಮಯವನ್ನು ನೋಡಿ. ಎಡಕ್ಕೆ, ನಡುವಿಗೆ, ಬಲಕ್ಕೆ ಹೀಗೆ ಹಲವು ಸಲ ಬಿಟ್ಟು ಸರಾಸರಿ ತೆಗೆಯಿರಿ. ಮೇಲ್ಪದರದ ನೀರು ಚುರುಕು, ತಳದ ನೀರು ಕಲ್ಲು ಮರಳಿಗೆ ಉಜ್ಜಿ ನಿಧಾನ. ಅದಕ್ಕಾಗಿ ಬಂದ ವೇಗವನ್ನು 0.85ರಿಂದ ಗುಣಿಸುವುದು ರೂಢಿ. ಮೂರು ಮೀಟರ್ ಅಗಲ, ಸರಾಸರಿ 30 ಸೆಂಟಿಮೀಟರ್ ಆಳವಿರುವ ಹಳ್ಳದಲ್ಲಿ ಹಣ್ಣು ಹತ್ತು ಮೀಟರನ್ನು 20 ಸೆಕೆಂಡಿನಲ್ಲಿ ದಾಟಿತು ಎನ್ನಿ. ವಿಸ್ತೀರ್ಣ 0.9 ಚದರ ಮೀಟರ್, ತಿದ್ದಿದ ವೇಗ ಸೆಕೆಂಡಿಗೆ 0.425 ಮೀಟರ್. ಗುಣಿಸಿದರೆ ಸೆಕೆಂಡಿಗೆ ಸುಮಾರು 380 ಲೀಟರ್ ನೀರು. ಮಳೆಗಾಲದಲ್ಲಿ ಒಮ್ಮೆ, ಸಂಕ್ರಾಂತಿಯ ಹೊತ್ತಿಗೆ ಒಮ್ಮೆ ಅದೇ ಗೂಟಗಳ ನಡುವೆ ಅಳೆಯದಿದ್ದರೆ ಈ ಅಂಕಿಗೆ ಹೆಚ್ಚು ಬೆಲೆಯಿಲ್ಲ.

ನೆಲ ನೀರು ಕುಡಿಯುವುದನ್ನು ಅಳೆಯುವುದು ಇನ್ನೂ ಸುಲಭ. ಎರಡೂ ಕಡೆ ಮುಚ್ಚಳ ಕತ್ತರಿಸಿದ ಡಬ್ಬಿಯನ್ನು ಮಣ್ಣಿಗೆ ನಾಲ್ಕು ಬೆರಳಷ್ಟು ಬಡಿದು, ಗೊತ್ತಾದ ಎತ್ತರಕ್ಕೆ ನೀರು ಹೊಯ್ದು, ನಿಮಿಷಕ್ಕೆ ಎಷ್ಟು ಇಳಿಯಿತೆಂದು ಬರೆಯುತ್ತ ಹೋಗಿ. ಒಣ ನೆಲ ಮೊದಮೊದಲು ಆತುರದಿಂದ ಹೀರುತ್ತದೆ, ಆದ್ದರಿಂದ ಇಳಿತ ಒಂದೇ ಸಮನಾಗುವವರೆಗೆ ಕಾಯಬೇಕು. ಮಳೆ ಅಳೆಯಲು ನೇರ ಗೋಡೆಯ ಡಬ್ಬಿ ಸಾಕು. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟು ದೂರದಲ್ಲಿಟ್ಟು, ದಿನಾ ಬೆಳಿಗ್ಗೆ 8:30ಕ್ಕೆ ನೋಡಿದರೆ ಹವಾಮಾನ ಇಲಾಖೆಯ ಅಂಕಿಗೆ ಹೋಲಿಸಬಹುದು.

ನಿಜವಾದ ಕಷ್ಟ ಶುರುವಾಗುವುದು ಜಗಲಿಯ ಮೇಲೆ. ಕಿತ್ತಳೆ ಹಣ್ಣು ನಿಮ್ಮನ್ನು ಮೆಚ್ಚಿಸಲು ಹೋಗುವುದಿಲ್ಲ, ಮನುಷ್ಯರು ಹೋಗುತ್ತಾರೆ. ‘ನೀರಿಗೆ ತುಂಬಾ ತೊಂದರೆ ಅಲ್ವಾ ಅಣ್ಣಾ?’ ಎಂದರೆ ‘ಹೌದು ಸಾರ್’ ಎನ್ನದವರಿಲ್ಲ. ‘ಹೋದ ಬೇಸಿಗೇಲಿ ಮನೆಗೆ ನೀರು ಎಲ್ಲಿಂದ ತಂದ್ರಿ? ಯಾರು ತಂದ್ರು? ಎಷ್ಟು ಬಿಂದಿಗೆ?’ ಎಂದು ಕೇಳಿ. ಇಸವಿ ಕೇಳಿದರೆ ಅಂದಾಜು ಬರುತ್ತದೆ. ಬೋರು ಹಾಕಿಸಿದ್ದು ಮಗಳ ಮದುವೆಗೆ ಮುಂಚೆಯೋ ಆಮೇಲೆಯೋ ಎಂದು ಕೇಳಿದರೆ ಇಸವಿಯೇ ಸಿಗುತ್ತದೆ.

ಊರಿನ ಅಳತೆಗಳನ್ನೂ ತಿಳಿದಿರಬೇಕು. ಬೋರಿನ ಆಳ ಅಡಿಯಲ್ಲಿ, ನೀರು ಇಂಚಿನಲ್ಲಿ. ‘ಎರಡಿಂಚು ನೀರು ಬಂತು’ ಎಂದರೆ ವಿ ಆಕಾರದ ಕಚ್ಚಿನ ಮೇಲೆ ಹರಿಯುವ ನೀರಿನ ಎತ್ತರ ಎರಡಿಂಚು. ಇದು ಒಂದಿಂಚಿನ ಎರಡು ಪಟ್ಟಲ್ಲ, ಐದು ಪಟ್ಟಿಗೂ ಹೆಚ್ಚು, ಏಕೆಂದರೆ ಎತ್ತರ ಏರಿದಂತೆ ಕಚ್ಚಿನ ಅಗಲವೂ ಏರುತ್ತದೆ. ಇದನ್ನು ಅರಿಯದೆ ಊರಿನ ಇಂಚುಗಳ ಸರಾಸರಿ ತೆಗೆದ ವರದಿ ಎಷ್ಟೇ ಅಂದವಾಗಿದ್ದರೂ ತಪ್ಪು. ಬೋರು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಫೇಲಾದವು ಎಷ್ಟು ಎಂಬುದನ್ನೂ ಕೇಳಿ. ಸುರಿದ ದುಡ್ಡಿನ ಕಥೆ ಅವರೇ ಹೇಳುತ್ತಾರೆ.

ಯಾರನ್ನು ಕೇಳಬೇಕು? ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸಿಕ್ಕವರನ್ನಷ್ಟೇ ಕೇಳಿದರೆ ನೀರು ಹೊರದ ಗಂಡಸರ ಅಭಿಪ್ರಾಯ ಸಿಗುತ್ತದೆ. ಮನೆಗಳ ಪಟ್ಟಿ ಇಟ್ಟುಕೊಂಡು ಪ್ರತಿ ಹತ್ತನೆಯ ಮನೆಗೆ ಹೋಗುವುದು ಒಂದು ದಾರಿ. ನಮ್ಮ ಊರುಗಳಿಗೆ ಕೇರಿವಾರು, ಜಮೀನು ಇರುವವರು ಇಲ್ಲದವರು ಎಂದು ವಿಂಗಡಿಸಿ, ಪ್ರತಿ ಪಾಲಿನಿಂದಲೂ ಚೀಟಿ ಎತ್ತುವುದು ಇನ್ನೂ ಒಳ್ಳೆಯದು. ಊರೊಳಗಿನ ನಲ್ಲಿಗೂ ಕಾಲೊನಿಯ ನಲ್ಲಿಗೂ ಇರುವ ಅಂತರ ಹಾಗೆ ಮಾಡಿದರಷ್ಟೇ ಕಾಣುತ್ತದೆ. ಪ್ರಶ್ನಾವಳಿಗೆ ಬಾಯಿ ಬಿಡದವರ ಕೈಗೆ ರಂಗೋಲಿ ಪುಡಿ ಕೊಟ್ಟು ಊರಿನ ನೀರಿನ ನಕ್ಷೆ ಬಿಡಿಸಲು ಹೇಳಿ. ನಕ್ಷೆ ಬೆಳೆಯುತ್ತಿದ್ದಂತೆ ‘ಅಲ್ಲೊಂದು ಬಾವಿ ಇತ್ತಲ್ಲ’ ಎಂದು ಪಕ್ಕದವರು ತಿದ್ದುತ್ತಾರೆ, ಸಂದರ್ಶನದಲ್ಲಿ ಸಿಗದ್ದು ಆಗ ಸಿಗುತ್ತದೆ.

ಹೆಸರು, ಫೋಟೊಗಳಿಗೆ ಒಪ್ಪಿಗೆ ಪಡೆಯಿರಿ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿ, ಬರೆಯುವಾಗ ಅದರ ನಿಜ ಹೆಸರು ಹೇಳದೆ ‘ರಾಂಪುರ’ ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, ಅವರು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನ ಬಲದಿಂದ ಬರೆದ ಅವರ ಪುಸ್ತಕ 1976ರಲ್ಲಿ ಬಂತು. ಅಂಥ ನೆನಪಿನ ಶಕ್ತಿ ನಮ್ಮೆಲ್ಲರಿಗೂ ಇರುವುದಿಲ್ಲ. ಅಂದಂದಿನ ಹಾಳೆಯ ಫೋಟೊ ತೆಗೆದು ಅಂದೇ ಬೇರೊಬ್ಬರಿಗೆ ಕಳಿಸಿ. ಪ್ರತಿ ಹಾಳೆಯಲ್ಲೂ ದಿನಾಂಕ, ಸಮಯ, ಜಾಗ, ಅಳೆದವರ ಹೆಸರು ಇರಲಿ.

ಕೆಲಸ ಮುಗಿದ ಮೇಲೆ ನಕ್ಷೆಯ ಒಂದು ಪ್ರತಿಯನ್ನು ಆ ಊರಿನ ಗ್ರಾಮ ಪಂಚಾಯಿತಿಗೆ ಕೊಡಿ, ಸಾಧ್ಯವಾದರೆ ಗ್ರಾಮಸಭೆಯ ದಿನವೇ ಹೋಗಿ. ಚೆಕ್‌ಡ್ಯಾಂ ಎಲ್ಲಿ ಕಟ್ಟಬೇಕು, ಯಾವ ಕೆರೆಯ ಹೂಳು ಎತ್ತಬೇಕು ಎಂಬ ಚರ್ಚೆಗೆ ನಿಮ್ಮ ಅಂಕಿಗಳು ಅಲ್ಲಿ ಬೇಕಾಗುತ್ತವೆ.