ಮದುವೆಯ ವಯಸ್ಸು: ಹದಿನೆಂಟು ಸಾಲದೆ, ಇಪ್ಪತ್ತೊಂದು ಬೇಕೆ?

ಹೆಣ್ಣುಮಕ್ಕಳ ಮದುವೆಯ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಬೇಕೆ? 2021ರ ಡಿಸೆಂಬರ್‌ನಲ್ಲಿ ಈ ಉದ್ದೇಶದ ಮಸೂದೆಯೊಂದು ಲೋಕಸಭೆಯಲ್ಲಿ ಮಂಡನೆಯಾಯಿತು. ಸಂಸದೀಯ ಸ್ಥಾಯಿ ಸಮಿತಿಯ ಪರಿಶೀಲನೆಗೆ ಹೋದ ಅದು, 2024ರಲ್ಲಿ 17ನೇ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹಿಮಾಚಲ ಪ್ರದೇಶ ವಿಧಾನಸಭೆಯು ಇದೇ ಆಶಯದ ಮಸೂದೆಗೆ ಅಂಗೀಕಾರ ನೀಡಿತು. ಚರ್ಚೆ ಮುಗಿದಿಲ್ಲ. ಆದರೆ ಅಂಕಿ ಎಷ್ಟಿರಬೇಕೆಂಬ ವಾದದ ನಡುವೆ, ಈಗಿರುವ ಅಂಕಿ ಎಷ್ಟರಮಟ್ಟಿಗೆ ಕೆಲಸ ಮಾಡಿದೆ ಎಂಬ ಪ್ರಶ್ನೆ ಹಿಂದೆ ಸರಿದಿದೆ.

ಎಂಟರಿಂದ ಹದಿನೆಂಟಕ್ಕೆ

ಈ ವಿಷಯದಲ್ಲಿ ಕನ್ನಡ ನಾಡಿಗೆ ಹಳೆಯ ಚರಿತ್ರೆಯಿದೆ. ಮೈಸೂರು ಸಂಸ್ಥಾನವು 1894ರಲ್ಲೇ ಶಿಶುವಿವಾಹ ತಡೆಯುವ ಶಾಸನವನ್ನು ಜಾರಿಗೆ ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಪುರುಷನು ಹದಿನಾಲ್ಕು ತುಂಬದ ಬಾಲಕಿಯನ್ನು ವರಿಸುವುದನ್ನೂ ಅದು ನಿಷೇಧಿಸಿತು. ಇಂದಿನ ಕಣ್ಣಿಗೆ ಇದು ಅಲ್ಪವೆನಿಸಬಹುದು. ಆದರೆ ಬ್ರಿಟಿಷ್ ಭಾರತದಲ್ಲಿ ಮದುವೆಗೆ ಕನಿಷ್ಠ ವಯಸ್ಸು ನಿಗದಿಯಾದದ್ದು ಅದಾದ 35 ವರ್ಷಗಳ ಬಳಿಕ. ಹರಬಿಲಾಸ ಶಾರದಾ ಅವರ ಹೆಸರಿನಿಂದ ಪ್ರಸಿದ್ಧವಾದ 1929ರ ಕಾಯ್ದೆಯು ಹುಡುಗಿಗೆ 14, ಹುಡುಗನಿಗೆ 18 ವರ್ಷವನ್ನು ವಿಧಿಸಿತು. 1949ರಲ್ಲಿ ಹುಡುಗಿಯ ವಯಸ್ಸು 15ಕ್ಕೆ ಏರಿತು. 1978ರ ತಿದ್ದುಪಡಿಯು ಅದನ್ನು 18 ಮತ್ತು 21 ಎಂದು ನಿಗದಿಪಡಿಸಿತು. ಇಂದಿಗೂ ದೇಶದ ಕಾನೂನು ಅದೇ.

ಅಪರಾಧವೂ ಹೌದು, ಊರ್ಜಿತವೂ ಹೌದು!

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಇಂಥ ಮದುವೆ ನಡೆಸುವವರಿಗೂ ಅದಕ್ಕೆ ನೆರವಾಗುವವರಿಗೂ ಎರಡು ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಮದುವೆ ತಾನಾಗಿ ರದ್ದಾಗುವುದಿಲ್ಲ. ಬಾಲ್ಯದಲ್ಲಿ ಮದುವೆಯಾದವರು ಪ್ರಾಯಕ್ಕೆ ಬಂದ ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ಅದನ್ನು ರದ್ದುಪಡಿಸಿಕೊಳ್ಳಬೇಕು. ಅಂದರೆ ತವರಿನ ಬೆಂಬಲವಿಲ್ಲದ, ಬಹುಶಃ ಕೈಯಲ್ಲೊಂದು ಮಗುವಿರುವ ಯುವತಿಯು ಇಪ್ಪತ್ತು ತುಂಬುವುದರೊಳಗೆ ನ್ಯಾಯಾಲಯದ ಮೆಟ್ಟಿಲೇರಬೇಕು. 2021ರ ಮಸೂದೆಯು ಈ ಅವಧಿಯನ್ನು ಐದು ವರ್ಷಕ್ಕೆ ವಿಸ್ತರಿಸಲು ಹೊರಟಿತ್ತು.

ಕರ್ನಾಟಕ ಬೇರೆ ಹಾದಿ ಹಿಡಿಯಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದ ಸಮಿತಿಯು 2011ರಲ್ಲಿ ಬಾಲ್ಯವಿವಾಹ ಕುರಿತು ವರದಿ ನೀಡಿತ್ತು. ಬಳಿಕ ರಾಜ್ಯವು ಕೇಂದ್ರ ಕಾಯ್ದೆಗೆ ತಂದ, 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಎಂದು ಘೋಷಿಸಿತು. ಇದು ದಿಟ್ಟ ಹೆಜ್ಜೆಯೇ ಸರಿ. ಆದರೆ ಮದುವೆಯೇ ಇಲ್ಲವೆಂದ ಮೇಲೆ, ವರ್ಷಗಟ್ಟಲೆ ಸಂಸಾರ ಮಾಡಿದವಳಿಗೆ ಜೀವನಾಂಶ, ಆಸ್ತಿ ಹಾಗೂ ಪತ್ನಿಯೆಂಬ ಸ್ಥಾನ ಯಾವ ಆಧಾರದ ಮೇಲೆ ದೊರೆಯಬೇಕು ಎಂಬ ಪ್ರಶ್ನೆಯೂ ಅದರೊಂದಿಗೇ ಏಳುತ್ತದೆ.

ಪರ, ವಿರೋಧ

ವಯಸ್ಸನ್ನು 21ಕ್ಕೆ ಏರಿಸಬೇಕೆನ್ನುವವರ ಮೊದಲ ವಾದ ಸಮಾನತೆಯದು. ಹೆಂಡತಿ ಗಂಡನಿಗಿಂತ ಕಿರಿಯಳಾಗಿರಬೇಕೆಂಬ ರೂಢಿಯನ್ನು ಕಾನೂನು ಏಕೆ ಪೋಷಿಸಬೇಕು ಎಂಬುದು ಅವರ ಪ್ರಶ್ನೆ. ಮೂರು ವರ್ಷ ಹೆಚ್ಚು ಸಿಕ್ಕರೆ ಹುಡುಗಿ ಪದವಿ ಮುಗಿಸಬಹುದು, ದುಡಿಮೆಗೆ ಸೇರಬಹುದು, ಎಳೆಯ ಪ್ರಾಯದ ಬಸಿರಿನ ಅಪಾಯದಿಂದ ಪಾರಾಗಬಹುದು ಎಂಬುದು ಎರಡನೆಯ ವಾದ.

ವಿರೋಧಿಸುವವರೂ ಸಮಾನತೆಯನ್ನೇ ಮುಂದಿಡುತ್ತಾರೆ. ಹದಿನೆಂಟಕ್ಕೆ ಮತ ಹಾಕುವ, ಒಪ್ಪಂದಕ್ಕೆ ಸಹಿ ಮಾಡುವ ಯುವತಿ ಮದುವೆಯ ಮಟ್ಟಿಗೆ ಮಾತ್ರ ಬಾಲಕಿಯಾಗುವುದು ಹೇಗೆ? ಇಬ್ಬರಿಗೂ 18 ಸಾಕು ಎಂಬುದು ಕಾನೂನು ಆಯೋಗದ 2018ರ ಸಮಾಲೋಚನಾ ಪತ್ರದ ಸಲಹೆಯಾಗಿತ್ತು. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷ, ಹುಡುಗನಿಗೆ 21 ತುಂಬಿರದಿದ್ದರೂ ಇಬ್ಬರೂ ಪ್ರಾಪ್ತ ವಯಸ್ಕರಾದ್ದರಿಂದ ಜೊತೆಯಾಗಿ ಬಾಳಬಹುದು ಎಂದಿತು. ಜಾತಿ, ಧರ್ಮ ಮೀರಿ ಸಂಗಾತಿಯನ್ನು ಆರಿಸಿಕೊಂಡ ಹತ್ತೊಂಬತ್ತರ ಮಗಳ ಮೇಲೆ ಹೆತ್ತವರು ಪ್ರಯೋಗಿಸುವ ಅಸ್ತ್ರವಾಗಿ ಹೊಸ ಕಾನೂನು ಬಳಕೆಯಾದೀತೆಂಬ ಆತಂಕವೂ ಇದೆ.

ಅಂಕಿ ಅಂಶ ಹೇಳುವುದೇನು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 20ರಿಂದ 24 ವಯೋಮಾನದ ಮಹಿಳೆಯರಲ್ಲಿ ಎಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾಗಿದ್ದರು ಎಂಬುದನ್ನು ಲೆಕ್ಕ ಹಾಕುತ್ತದೆ. 2005-06ರಲ್ಲಿ ದೇಶದಲ್ಲಿ ಈ ಪ್ರಮಾಣ ಶೇ 47ರಷ್ಟಿತ್ತು. 2015-16ರಲ್ಲಿ ಶೇ 26.8ಕ್ಕೂ 2019-21ರಲ್ಲಿ ಶೇ 23.3ಕ್ಕೂ ಇಳಿಯಿತು. ಕರ್ನಾಟಕದಲ್ಲಿ ಮಾತ್ರ ಕೊನೆಯ ಎರಡು ಸಮೀಕ್ಷೆಗಳ ನಡುವೆ ಅದು ಶೇ 21ರ ಆಸುಪಾಸಿನಲ್ಲೇ ನಿಂತಿತು. 2019-21ರ ಸಮೀಕ್ಷೆಯಲ್ಲಿ ಎಣಿಕೆಯಾದ ಬಹುಪಾಲು ಮದುವೆಗಳು 2017ಕ್ಕೆ ಮೊದಲೇ ನಡೆದವಾದ್ದರಿಂದ, ರಾಜ್ಯದ ತಿದ್ದುಪಡಿ ಸೋತಿತೆಂದು ಇದರಿಂದ ಹೇಳಲಾಗದು. ಆದರೆ 1978ರ ಮಿತಿಯೇ ನಾಲ್ಕು ದಶಕಗಳ ಬಳಿಕವೂ ಐವರಲ್ಲಿ ಒಬ್ಬಳನ್ನು ತಲುಪಿಲ್ಲವೆಂಬುದು ಸ್ಪಷ್ಟ.

ಹಾಗಾದರೆ ಅಡ್ಡಿಯೆಲ್ಲಿ? ಹತ್ತನೇ ತರಗತಿಯ ನಂತರ ಊರಿನ ಸಮೀಪ ಕಾಲೇಜಿಲ್ಲ, ಇದ್ದರೂ ಬಸ್ಸಿಲ್ಲ. ಕೂಲಿಗೆ ಗುಳೆ ಹೋಗುವ ತಂದೆತಾಯಿಗೆ ಬೆಳೆದ ಮಗಳನ್ನು ಒಂಟಿಯಾಗಿ ಬಿಡುವ ಧೈರ್ಯವಿಲ್ಲ. ವಯಸ್ಸೇರಿದಂತೆ ವರದಕ್ಷಿಣೆ ಏರುವ ಭಯ ಬೇರೆ. ಇವು ಯಾವುವೂ ಕಾಯ್ದೆಯ ಅಂಕಿ ಬದಲಾದ ಮಾತ್ರಕ್ಕೆ ಕರಗುವಂಥವಲ್ಲ. ಶಿಕ್ಷೆಗಿಂತ ತಡೆಗೆ ಆದ್ಯತೆ ಸಿಗಬೇಕೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನ ತೀರ್ಪಿನಲ್ಲಿ ಒತ್ತಿಹೇಳಿದ್ದು ಇದೇ ಕಾರಣಕ್ಕೆ.

ಮಿತಿಯು 18 ಆಗಿರಲಿ, 21 ಆಗಿರಲಿ, ಹೆಣ್ಣು ಗಂಡಿಗೆ ಒಂದೇ ಇರಬೇಕೆಂಬುದು ನ್ಯಾಯವಾದ ಬೇಡಿಕೆ. ಆದರೆ ಹದಿನಾರಕ್ಕೇ ಹಸೆಮಣೆ ಏರುವ ಹುಡುಗಿಯ ಮಟ್ಟಿಗೆ ಈ ಎರಡು ಅಂಕಿಗಳ ನಡುವೆ ವ್ಯತ್ಯಾಸವೇ ಇಲ್ಲ. ಅವಳಿಗೆ ಬೇಕಿರುವುದು ಎರಡು ವರ್ಷದ ಓದು, ಕಾಲೇಜಿಗೊಂದು ಬಸ್ಸು, ದೂರು ಬಂದಾಗ ಮುಹೂರ್ತಕ್ಕೆ ಮುಂಚೆ ಬಂದು ನಿಲ್ಲುವ ಅಧಿಕಾರಿ.