ಸದನ ಸೇರದ ದಿನಗಳಲ್ಲಿ ನಮ್ಮ ಶಾಸಕರು

ವಿಧಾನಮಂಡಲದ ಅಧಿವೇಶನ ನಡೆಯುವಷ್ಟು ದಿನ ವೃತ್ತಪತ್ರಿಕೆಗಳ ಮುಖಪುಟ ಶಾಸಕರದೇ. ಯಾರು ಸಭಾತ್ಯಾಗ ಮಾಡಿದರು, ಯಾರು ಧರಣಿ ಕುಳಿತರು, ಯಾರ ಮಾತಿಗೆ ಸದನವೆಲ್ಲ ನಕ್ಕಿತು ಎಂಬುದನ್ನು ನಾವು ಬೆಳಗಿನ ಕಾಫಿಯೊಂದಿಗೆ ಓದಿ ತಿಳಿಯುತ್ತೇವೆ. ಸಭಾಧ್ಯಕ್ಷರು ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡಿದರೆಂಬ ಸುದ್ದಿ ಬಂದ ಮರುದಿನದಿಂದ ಅದೇ ಪುಟದಲ್ಲಿ ಬೇರೆ ಬಗೆಯ ಚಿತ್ರಗಳು ಕಾಣಿಸಿಕೊಳ್ಳುತ್ತವೆ: ಗುದ್ದಲಿ ಹಿಡಿದ ಶಾಸಕರು, ಟೇಪು ಕತ್ತರಿಸುವ ಶಾಸಕರು, ವಧೂವರರ ನಡುವೆ ನಿಂತು ಮುಗುಳ್ನಗುವ ಶಾಸಕರು. ಶಾಸನದ ಕೆಲಸ ಮುಗಿಯಿತು, ಇನ್ನು ಊರಿನ ಕೆಲಸ ಎಂದು ನಾವೂ ಭಾವಿಸುತ್ತೇವೆ. ಅವರಲ್ಲಿ ಅನೇಕರೂ ಹಾಗೆಯೇ ನಡೆದುಕೊಳ್ಳುತ್ತಾರೆ.

ಲೆಕ್ಕವನ್ನೊಮ್ಮೆ ನೋಡೋಣ. ಒಂದು ಅಧಿವೇಶನದ ಕೊನೆಯ ಉಪವೇಶನಕ್ಕೂ ಮುಂದಿನ ಅಧಿವೇಶನದ ಮೊದಲನೆಯದಕ್ಕೂ ನಡುವೆ ಆರು ತಿಂಗಳು ಮೀರಕೂಡದೆಂದು ಸಂವಿಧಾನದ 174ನೆಯ ಅನುಚ್ಛೇದ ವಿಧಿಸಿದೆ. ಅಷ್ಟೇ ಸಾಲದೆಂದು ಕರ್ನಾಟಕ 2005ರಲ್ಲಿ ತನಗೆ ತಾನೇ ಒಂದು ಶಾಸನ ಮಾಡಿಕೊಂಡಿತು. ಅದರ ಪ್ರಕಾರ ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು. ಆ ಅರವತ್ತನ್ನು ಮುಟ್ಟದ ವರ್ಷಗಳು ಹಲವಿವೆ. ಶಾಸನ ಮಾಡಿದವರೇ ಅದನ್ನು ಪಾಲಿಸದಿದ್ದರೆ ಯಾರನ್ನು ಕೇಳುವುದೋ ತಿಳಿಯದು. ಇರಲಿ, ಅರವತ್ತು ದಿನ ಪೂರಾ ಸೇರಿತೆಂದೇ ಇಟ್ಟುಕೊಂಡರೂ ಉಳಿಯುವುದು 305 ದಿನ. ಈ ದಿನಗಳಿಗೆ ನಮ್ಮ ಜನರ ಮಾತಿನಲ್ಲಿ ಒಂದು ಹೆಸರು ಸಹ ಇಲ್ಲವೆಂಬುದು ಕನ್ನಡ ಪಾಠ ಹೇಳುವ ನನಗೆ ಕುತೂಹಲದ ಸಂಗತಿ. 'ವಿರಾಮ' ಎಂದುಬಿಡುತ್ತೇವೆ, ಪರೀಕ್ಷೆ ಮುಗಿದ ಹುಡುಗರಿಗೆ ಸಿಗುವ ರಜೆಯಂತೆ.

ಈ ವಿರಾಮದಲ್ಲಿ ನಡೆಯುವ ಕೆಲಸದ ಬಹುಭಾಗ ಸಮಿತಿಗಳದು. ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದಾಜುಗಳ ಸಮಿತಿ, ಅರ್ಜಿಗಳ ಸಮಿತಿ, ಸರ್ಕಾರಿ ಭರವಸೆಗಳ ಸಮಿತಿ ಮೊದಲಾದ ಹೆಸರುಗಳನ್ನು ಕೇಳಿದೊಡನೆ ಓದುಗರಿಗೆ ಆಕಳಿಕೆ ಬಂದರೆ ಆಶ್ಚರ್ಯವಿಲ್ಲ. ಆದರೆ ಮಹಾಲೇಖಪಾಲರ ವರದಿಯನ್ನು ಮುಂದಿಟ್ಟುಕೊಂಡು ಇಲಾಖೆಯ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿ, ಈ ಹಣ ಎಲ್ಲಿ ಹೋಯಿತು, ಈ ಕಟ್ಟಡ ಏಕೆ ಅರ್ಧಕ್ಕೆ ನಿಂತಿತು ಎಂದು ಬಿಡಿಸಿ ಕೇಳಲು ಸಾಧ್ಯವಾಗುವುದು ಸದನದ ಗದ್ದಲದಲ್ಲಲ್ಲ, ಸಮಿತಿಯ ಮೇಜಿನ ಮುಂದೆ. ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆಯನ್ನು ವಿರೋಧ ಪಕ್ಷದವರಿಗೆ ಬಿಟ್ಟುಕೊಡುವ ಸಂಪ್ರದಾಯ ಬಂದದ್ದೂ ಆ ಪ್ರಶ್ನೆಗಳಿಗೆ ಮೊನೆಯಿರಲಿ ಎಂದೇ.

ಭರವಸೆಗಳ ಸಮಿತಿಯದು ಇನ್ನೂ ಸ್ವಾರಸ್ಯದ ಕೆಲಸ. 'ಪರಿಶೀಲಿಸಲಾಗುವುದು', 'ಕ್ರಮ ಕೈಗೊಳ್ಳುತ್ತೇವೆ', 'ಪ್ರಸ್ತಾವ ಸರ್ಕಾರದ ಮುಂದಿದೆ' ಎಂದು ಮಂತ್ರಿಗಳು ಸದನದಲ್ಲಿ ಆಡುವ ಮಾತನ್ನು ನಾವು ಗಾಳಿಯ ಮಾತೆಂದು ಮರೆಯುತ್ತೇವೆ. ಇಂಥ ಮಾತುಗಳಲ್ಲಿ ಯಾವುವು ಭರವಸೆಯೆಂದು ಎಣಿಸತಕ್ಕವು ಎಂಬುದಕ್ಕೆ ಲೋಕಸಭೆಯಲ್ಲಿ ಒಂದು ಪಟ್ಟಿಯೇ ಇದೆ. ಅಲ್ಲಿ ಈ ಸಮಿತಿ ಹುಟ್ಟಿದ್ದು 1953ರಲ್ಲಿ. ರಾಜ್ಯದ ಸಮಿತಿಯೂ ಕೊಟ್ಟ ಮಾತನ್ನು ಬರೆದಿಟ್ಟುಕೊಂಡು, ಅದು ನೆರವೇರಿತೇ ಎಂದು ಇಲಾಖೆಯ ಬೆನ್ನು ಹತ್ತಬೇಕು. ನಿಮ್ಮ ಊರಿನ ಸೇತುವೆಯ ಬಗ್ಗೆ ಮಂತ್ರಿಗಳು ಹಿಂದೆಂದೋ ಆಡಿದ ಒಂದು ವಾಕ್ಯ ಅಲ್ಲಿ ಇನ್ನೂ ಜೀವಂತವಾಗಿ ಕುಳಿತಿರಬಹುದು.

ಸಮಿತಿಯೊಂದು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಬೆಂಗಳೂರಿನವರು ಮರೆಯಬಾರದ ನಿದರ್ಶನವೊಂದಿದೆ. ನಗರದ ಸುತ್ತಮುತ್ತಲ ಕೆರೆ, ಗೋಮಾಳ, ಸರ್ಕಾರಿ ಜಮೀನುಗಳ ಒತ್ತುವರಿಯನ್ನು ಶೋಧಿಸಲು ಉಭಯ ಸದನಗಳ ಜಂಟಿ ಸಮಿತಿಯೊಂದು ರಚನೆಯಾಯಿತು. ಹಾಸನ ಜಿಲ್ಲೆಯ ಅರಕಲಗೂಡಿನ ಶಾಸಕ ಎ. ಟಿ. ರಾಮಸ್ವಾಮಿ ಅದರ ಅಧ್ಯಕ್ಷರು. ಒತ್ತುವರಿ ನಡೆದದ್ದು ಅವರ ಕ್ಷೇತ್ರದಲ್ಲಲ್ಲ. ಒಂದು ಗುಂಟೆ ಬಿಡಿಸಿದರೂ ಅರಕಲಗೂಡಿನಲ್ಲಿ ಒಂದು ವೋಟು ಹೆಚ್ಚುವಂತಿರಲಿಲ್ಲ. ಆದರೂ ಆ ಸಮಿತಿ 2007ರಲ್ಲಿ ಎರಡು ಮಧ್ಯಂತರ ವರದಿಗಳನ್ನು ಸಲ್ಲಿಸಿತು. ದೊಡ್ಡವರು, ಸಣ್ಣವರು, ಅವರ ಬೆನ್ನಿಗೆ ನಿಂತ ಅಧಿಕಾರಿಗಳು ಎಲ್ಲರ ವಿಷಯವೂ ಅದರಿಂದ ಬೆಳಕಿಗೆ ಬಂದಿತು. ಭೂ ಕಬಳಿಕೆಯನ್ನು ನಿಷೇಧಿಸುವ 2011ರ ಅಧಿನಿಯಮ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು, 2016ರಲ್ಲಿ ಅದಕ್ಕೆಂದೇ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವೊಂದು ಆರಂಭವಾಯಿತು. ವರದಿಗೂ ನ್ಯಾಯಾಲಯಕ್ಕೂ ನಡುವೆ ಒಂಬತ್ತು ವರ್ಷ. ಒತ್ತುವರಿಯೆಲ್ಲ ತೆರವಾಯಿತೆಂದು ಯಾರೂ ಹೇಳಲಾರರು. ಆದರೆ ಸಾವಿರ ದೂರುಗಳಿಂದ ಆಗದಿದ್ದ ಒಂದು ಕೆಲಸಕ್ಕೆ ದಾರಿಯಾದದ್ದು ಸದನ ಸೇರದ ದಿನಗಳಲ್ಲಿ ಕಡತ ತಿರುವಿದ ಕೆಲವು ಸದಸ್ಯರಿಂದ.

ಇದು ಬೆಳಕಿನ ಬದಿಯಾಯಿತು. ಇದೇ ದಿನಗಳಿಗೆ ಇನ್ನೊಂದು ಬದಿಯೂ ಉಂಟು. ಸದನ ಸೇರಿಲ್ಲದಾಗ, ತಡೆಯಲಾಗದ ಅಗತ್ಯ ಬಿದ್ದರೆ, ರಾಜ್ಯಪಾಲರು ಸುಗ್ರೀವಾಜ್ಞೆ ಹೊರಡಿಸಬಹುದೆಂದು ಸಂವಿಧಾನದ 213ನೆಯ ಅನುಚ್ಛೇದ ಹೇಳುತ್ತದೆ. ಅದು ಶಾಸನದಷ್ಟೇ ಬಲವುಳ್ಳದ್ದು. ಸದನ ಮತ್ತೆ ಸೇರಿದ ಆರು ವಾರಗಳೊಳಗೆ ಒಪ್ಪಿಗೆ ದೊರೆಯದಿದ್ದರೆ ಮಾತ್ರ ಬಿದ್ದುಹೋಗುತ್ತದೆ. ಕೃಷಿಕರಲ್ಲದವರು ಕೃಷಿ ಜಮೀನನ್ನು ಕೊಳ್ಳಕೂಡದೆಂದು ಭೂಸುಧಾರಣಾ ಕಾಯಿದೆಯ 79-ಎ ಮತ್ತು 79-ಬಿ ಪ್ರಕರಣಗಳು 1974ರಿಂದ ಹಾಕಿದ್ದ ಬೇಲಿಯನ್ನು 2020ರ ಜುಲೈ ತಿಂಗಳಲ್ಲಿ ಸುಗ್ರೀವಾಜ್ಞೆಯೊಂದು ಕಿತ್ತುಹಾಕಿತು. ಆಗ ಸದನ ಸೇರಿರಲಿಲ್ಲ. ಸೆಪ್ಟೆಂಬರಿನಲ್ಲಿ ಮಸೂದೆ ವಿಧಾನಸಭೆಯನ್ನು ದಾಟಿತು, ವಿಧಾನಪರಿಷತ್ತನ್ನು ದಾಟಲಿಲ್ಲ. ಮತ್ತೊಂದು ಸುಗ್ರೀವಾಜ್ಞೆ ಬಂತು. ಕೊನೆಗೆ ಡಿಸೆಂಬರಿನಲ್ಲಿ ಪರಿಷತ್ತೂ ಒಪ್ಪಿ ಅದು ಶಾಸನವಾಯಿತು.

ಬದಲಾವಣೆ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಊರಿನ ಕಡೆ ಎರಡು ಎಕರೆ ತೋಟ ಮಾಡಬೇಕೆಂದು ಆಸೆಪಟ್ಟ ನಗರದ ಗೃಹಸ್ಥನಿಗೆ ಅದು ಒಳ್ಳೆಯದಾಗಿಯೂ, ಅದೇ ಊರಿನ ಸಣ್ಣ ಹಿಡುವಳಿದಾರನಿಗೆ ಬೆದರಿಕೆಯಾಗಿಯೂ ಕಂಡಿರಬಹುದು. ನಾನು ಕೇಳುವುದಿಷ್ಟೆ: ಆ ಜುಲೈಯಿಂದ ಡಿಸೆಂಬರಿನವರೆಗೆ ನಮ್ಮಲ್ಲಿ ಎಷ್ಟು ಮಂದಿ ತಂತಮ್ಮ ಶಾಸಕರಿಗೆ, 'ಸ್ವಾಮಿ, ಈ ವಿಷಯದಲ್ಲಿ ತಮ್ಮ ನಿಲುವೇನು?' ಎಂದು ಒಂದು ಕಾಗದ ಬರೆದೆವು? ಎಷ್ಟು ಮಂದಿ ಶಾಸಕರು ಕೇಳದೆಯೇ ತಮ್ಮ ನಿಲುವನ್ನು ಮನೆಮನೆಗೆ ತಿಳಿಸಿದರು?

ಶಾಸಕರು ವರದಿ ಕೊಡುವುದೇ ಇಲ್ಲವೆಂದರೆ ಅನ್ಯಾಯವಾದೀತು. ನುಣುಪು ಕಾಗದದ ಬಣ್ಣದ ಕೈಪಿಡಿಗಳು ನಮ್ಮ ಮನೆ ಬಾಗಿಲಿಗೂ ಬರುತ್ತವೆ. ಇಂಥ ಬಡಾವಣೆಯ ಚರಂಡಿ, ಇಂಥ ಶಾಲೆಯ ಕೊಠಡಿ, ಇಂಥ ದೇವಸ್ಥಾನದ ಮುಂದಿನ ಹೈಮಾಸ್ಟ್ ದೀಪ, ಪ್ರತಿಯೊಂದರ ಪಕ್ಕದಲ್ಲೂ ಖರ್ಚಾದ ಲಕ್ಷಗಳು, ಪ್ರತಿ ಪುಟದಲ್ಲೂ ಕೈಮುಗಿದ ಭಾವಚಿತ್ರ. ಕ್ಷೇತ್ರಾಭಿವೃದ್ಧಿಗೆಂದು ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಗಳ ನಿಧಿ ದೊರೆಯತೊಡಗಿದ ಮೇಲಂತೂ ಈ ಲೆಕ್ಕ ಒಪ್ಪಿಸುವುದು ಸುಲಭವಾಗಿದೆ. ನಮ್ಮ ಬೀದಿಗೆ ಬಂದ ಒಂದು ಕೈಪಿಡಿಯನ್ನು ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಆ ಸದಸ್ಯರು ಯಾವ ಸಮಿತಿಯಲ್ಲಿದ್ದರು, ಅದು ಏನನ್ನು ಪರಿಶೀಲಿಸಿತು, ಯಾವ ಮಸೂದೆಯ ಮೇಲೆ ಅವರು ಏನು ಹೇಳಿದರು ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ. ಬಸ್ಸಿನ ತಂಗುದಾಣಗಳು ಮಾತ್ರ ಏಳಿದ್ದವು.

ನನ್ನ ತರಗತಿಯಲ್ಲಿ ಒಮ್ಮೆ 'ಶಾಸಕ' ಎಂಬ ಪದದ ವ್ಯುತ್ಪತ್ತಿಯನ್ನು ಕೇಳಿದೆ. ಶಾಸನ ಮಾಡುವವನು ಶಾಸಕ ಎಂದು ಹಿಂದಿನ ಬೆಂಚಿನ ಹುಡುಗನೂ ಸರಿಯಾಗಿ ಹೇಳಿದ. ಹಾಗಾದರೆ ನಿಮ್ಮ ಕ್ಷೇತ್ರದ ಶಾಸಕರು ಏನು ಮಾಡುತ್ತಾರೆ ಎಂದೆ. ರಸ್ತೆ ಹಾಕಿಸುತ್ತಾರೆ, ವರ್ಗಾವಣೆ ಮಾಡಿಸುತ್ತಾರೆ, ಗಣೇಶೋತ್ಸವಕ್ಕೆ ಬರುತ್ತಾರೆ ಎಂಬ ಉತ್ತರಗಳು ಬಂದವು. ಶಾಸನ ಮಾಡುತ್ತಾರೆ ಎಂದು ಒಬ್ಬರೂ ಹೇಳಲಿಲ್ಲ. ಎರಡು ಪ್ರಶ್ನೆಗಳ ನಡುವೆ ಒಂದು ನಿಮಿಷವೂ ಕಳೆದಿರಲಿಲ್ಲ!

ಇದರಲ್ಲಿ ಜನರನ್ನು ಹಳಿದು ಪ್ರಯೋಜನವಿಲ್ಲ. ಬೆಳಿಗ್ಗೆ ಶಾಸಕರ ಕಚೇರಿಯ ಮುಂದೆ ನಿಂತವರಲ್ಲಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ತಂದೆ ಇರುತ್ತಾನೆ, ನಿಂತುಹೋದ ವಿಧವಾ ವೇತನಕ್ಕಾಗಿ ಅಲೆಯುವ ತಾಯಿ ಇರುತ್ತಾಳೆ. ಅವರಿಗೆ ಅಧೀನ ಶಾಸನ ರಚನಾ ಸಮಿತಿಯ ವಿಚಾರ ಹೇಳಹೊರಟರೆ ಅದು ಕ್ರೌರ್ಯವೇ ಸರಿ. ಆದರೆ ಆ ವಿಧವೆಯ ವೇತನ ಯಾವ ನಿಯಮದಿಂದ ನಿಂತಿತೋ ಅದೇ ನಿಯಮದಿಂದ ಇನ್ನೂ ಎಷ್ಟು ಮಂದಿಯ ವೇತನ ನಿಂತಿದೆಯೆಂದು ಕೇಳಬೇಕಾದವರು ಶಾಸಕರು. ಒಬ್ಬಳಿಗಾಗಿ ತಹಸೀಲ್ದಾರರಿಗೆ ಫೋನು ಮಾಡುವುದು ಉಪಕಾರ. ನಿಯಮವನ್ನು ಪ್ರಶ್ನಿಸುವುದು ಉದ್ಯೋಗ. ಹೊಟ್ಟೆ ತುಂಬಿದ, ಅಕ್ಷರ ಬಲ್ಲ ನಗರದ ಕುಟುಂಬಗಳಾದರೂ ಆ ಉದ್ಯೋಗದ ಲೆಕ್ಕ ಕೇಳಬಹುದಿತ್ತು. ನಾವು ಕೇಳುವುದೂ ಬೀದಿದೀಪವನ್ನೇ.

ಕೇಳುವ ಪದ್ಧತಿ ಈ ನಾಡಿಗೆ ಹೊಸದೇನಲ್ಲ. ಧಾತು, ಈಶ್ವರ ಸಂವತ್ಸರಗಳ ಭೀಕರ ಕ್ಷಾಮ ಮುಗಿದು ಕೆಲವೇ ವರ್ಷಗಳಾಗಿದ್ದಾಗ, 1881ರ ಅಕ್ಟೋಬರ್ 7ರಂದು, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. 144 ಮಂದಿ ಸದಸ್ಯರು. ಹೆಚ್ಚಿನವರು ಜಮೀನುಳ್ಳವರು, ವರ್ತಕರು. ದಿವಾನ್ ರಂಗಾಚಾರ್ಲು ಅವರ ಮುಂದೆ ಸಂಸ್ಥಾನದ ಆದಾಯ ವೆಚ್ಚಗಳನ್ನೂ ಮುಂದಿನ ಯೋಜನೆಗಳನ್ನೂ ವಿವರಿಸಿದರು. ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಸದಸ್ಯರನ್ನು ಜನ ಆರಿಸಿಯೂ ಇರಲಿಲ್ಲ. ಸರ್ಕಾರ ಏನು ಮಾಡುತ್ತಿದೆ, ಏಕೆ ಮಾಡುತ್ತಿದೆ ಎಂಬುದು ಪ್ರಜೆಗಳಿಗೆ ತಿಳಿಯಬೇಕು, ಅವರ ಕಷ್ಟ ಸರ್ಕಾರಕ್ಕೆ ತಿಳಿಯಬೇಕು ಎಂಬುದಷ್ಟೇ ಉದ್ದೇಶ. ದಸರೆಗೆ ಮೈಸೂರಿಗೆ ಹೋಗಿ ಬಂದ ಪ್ರತಿನಿಧಿ ತನ್ನ ತಾಲ್ಲೂಕಿಗೆ ಆ ಸುದ್ದಿಯನ್ನು ಹೊತ್ತು ತರಬೇಕಿತ್ತು. ಅರಸೊತ್ತಿಗೆಯ ಕಾಲದಲ್ಲಿ, ಮತದ ಹಂಗಿಲ್ಲದ ದಿವಾನರು ಕೊಡಬೇಕೆಂದು ಒಪ್ಪಿದ ಲೆಕ್ಕ ಅದು.

ಇನ್ನೊಂದು ನೆನಪು ಮಲೆನಾಡಿನದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ ಎದ್ದ ಜಗಳ ಉಳುವವನಿಗೇ ನೆಲ ಸಲ್ಲಬೇಕೆಂಬ ಹಕ್ಕೊತ್ತಾಯವಾಗಿ ಬೆಳೆಯಿತು. ಮರುವರ್ಷದ ಚುನಾವಣೆಯಲ್ಲಿ ಆ ಸೀಮೆಯ ಜನ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿದರು. ಅಕ್ಷರ ಬಾರದ ಆ ಗೇಣಿದಾರರು ತಮ್ಮ ಪ್ರತಿನಿಧಿಯನ್ನು ಕೇಳಿದ್ದು ಒಂದು ಕಾನೂನನ್ನು. 1961ರಲ್ಲಿ ಭೂಸುಧಾರಣಾ ಕಾಯಿದೆ ಬಂತು, 1965ರಲ್ಲಿ ಜಾರಿಯಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿ ಪದ್ಧತಿಯೇ ಕೊನೆಗೊಂಡು ಲಕ್ಷಾಂತರ ಸಂಸಾರಗಳ ಹೆಸರು ಪಹಣಿಗೆ ಏರಿತು. 2020ರಲ್ಲಿ ಸುಗ್ರೀವಾಜ್ಞೆ ತಿದ್ದಿದ್ದು ಇದೇ ಕಾಯಿದೆಯನ್ನು ಎಂಬುದನ್ನು ಜೊತೆಗಿಟ್ಟು ನೋಡಿದರೆ, ಕೇಳಿದವರಿಗೂ ಕೇಳದವರಿಗೂ ಇರುವ ಅಂತರ ತಾನಾಗಿಯೇ ಕಾಣುತ್ತದೆ.

ಸದನ ಇನ್ನೂ ಕಡಮೆ ದಿನ ಸೇರುವ ನಾಡುಗಳೂ ಇವೆ. ಅಮೆರಿಕದ ಟೆಕ್ಸಾಸ್ ರಾಜ್ಯದ ವಿಧಾನಮಂಡಲದ ಸಾಮಾನ್ಯ ಅಧಿವೇಶನ ನಡೆಯುವುದು ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ನಡುವಣ ದೀರ್ಘ ಕಾಲಕ್ಕೆಂದು ಸಭಾಧ್ಯಕ್ಷರು ಒಂದೊಂದು ಸಮಿತಿಗೂ ವಿಷಯಗಳನ್ನು ಗೊತ್ತುಮಾಡಿ ಕೊಡುತ್ತಾರೆ. ಸಮಿತಿಗಳು ಅವುಗಳ ಮೇಲೆ ವಿಚಾರಣೆ ನಡೆಸಿ ಮುಂದಿನ ಅಧಿವೇಶನದ ಹೊತ್ತಿಗೆ ವರದಿ ಸಿದ್ಧಪಡಿಸುತ್ತವೆ. ಆ ದೇಶದ ರಾಜ್ಯಗಳ ಸದಸ್ಯರು ತಾವು ಕುಳಿತ ಸಮಿತಿಗಳ ವಿಷಯವನ್ನು ಮತದಾರರಿಗೆ ಪತ್ರ ಬರೆದು ತಿಳಿಸುವುದು ಸಾಮಾನ್ಯ ರೂಢಿ. ಆತ್ಮಸ್ತುತಿಗೆ ಅಲ್ಲಿಯ ಪತ್ರಗಳಲ್ಲಿಯೂ ಬರವಿಲ್ಲ. ಆದರೂ ಯಾವ ವಿಷಯ ಸಮಿತಿಯ ಮುಂದಿದೆಯೆಂಬುದು ಮಸೂದೆಯಾಗುವ ಮೊದಲೇ ಓದುಗನಿಗೆ ತಿಳಿಯುತ್ತದೆ. ನಮ್ಮಲ್ಲಿ ಮಂಡನೆಯಾದ ಕೆಲವೇ ದಿನಗಳಲ್ಲಿ ಅಂಗೀಕಾರವಾಗುವ ಮಸೂದೆಗಳು ಅನೇಕ. ಪತ್ರಿಕೆಯಲ್ಲಿ ಓದುವ ಹೊತ್ತಿಗೆ ಅದು ಕಾಯಿದೆ.

ನಮ್ಮ ಕೈಪಿಡಿಯ ಕೊನೆಯಲ್ಲಿ ಒಂದೇ ಒಂದು ಪುಟ ಹೆಚ್ಚಾದರೆ ಸಾಕು. ತಾವು ಯಾವ ಸಮಿತಿಯ ಸದಸ್ಯರು, ಅದರ ಎಷ್ಟು ಸಭೆಗಳಿಗೆ ಹೋದಿರಿ, ಅಲ್ಲಿ ನಮ್ಮ ಜಿಲ್ಲೆಯ ಯಾವ ವಿಷಯ ಬಂತು, ವಿರಾಮದಲ್ಲಿ ಹೊರಟ ಸುಗ್ರೀವಾಜ್ಞೆಗಳನ್ನು ತಾವು ಒಪ್ಪುವಿರಾ, ಬರಲಿರುವ ಅಧಿವೇಶನದಲ್ಲಿ ಯಾವ ಪ್ರಶ್ನೆ ಕೇಳಲಿದ್ದೀರಿ? ಇವಕ್ಕೆ ಉತ್ತರ ಬರೆಯಲು ನುಣುಪು ಕಾಗದವೂ ಬೇಕಿಲ್ಲ. ಕೊನೆಯ ಪ್ರಶ್ನೆಗಂತೂ ಇದೇ ಸಮಯ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಕೊಡಬೇಕು. ಎರಡಕ್ಕೂ ಸದಸ್ಯರು ಹಲವು ದಿನ ಮುಂಚೆಯೇ ಸೂಚನೆ ಸಲ್ಲಿಸಬೇಕು. ಅಧಿವೇಶನದ ಮೊದಲ ದಿನ ನಿಮ್ಮ ಊರಿನ ಕೆರೆಯ ಮಾತು ಕೇಳಿಬರಬೇಕಾದರೆ, ಅದರ ಸರ್ವೆ ನಂಬರನ್ನು ಬರೆದ ನಿಮ್ಮ ಕಾಗದ ಸದನ ಸೇರದ ಈ ದಿನಗಳಲ್ಲಿಯೇ ಶಾಸಕರ ಕೈ ಸೇರಿರಬೇಕು.