ಕಾಮನಬಿಲ್ಲಿನ ಮೀನು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ನಮ್ಮ ರಾಯಚೂರು ಸೀಮೆ. ದೇವದುರ್ಗದವರಿಗೆ ಕೃಷ್ಣೆಯೂ ಮಾನ್ವಿಯವರಿಗೆ ತುಂಗಭದ್ರೆಯೂ ನೆರೆ. ಇಂಥ ನಾಡಿನಲ್ಲಿ ಮೀನೆಂದೊಡನೆ ಬಲೆ, ಸಂತೆ, ಸಾರು ನೆನಪಾಗುವುದು ಸಹಜ. ಆದರೆ ಮೀನಿನ ವಿನೋದವೂ ಕನ್ನಡ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಪ್ರಕರಣವಿದ್ದು, ಮೀನಿನ ಜಾತಿಗಳನ್ನೂ ಅವಕ್ಕೆ ಹಾಕುವ ಆಹಾರವನ್ನೂ ಅಲ್ಲಿ ವಿವರಿಸಿದೆ. ದೊರೆಯ ವಿನೋದ ಗಾಳದಲ್ಲಿ ಮುಗಿಯುತ್ತಿತ್ತು. ನಮ್ಮದು ಗಾಜಿನ ತೊಟ್ಟಿಯಲ್ಲಿ ಮೊದಲಾಗುತ್ತದೆ.

ನಾನು ಹೇಳಹೊರಟಿರುವುದು ಕಾಮನಬಿಲ್ಲಿನ ಮೀನನ್ನು ಕುರಿತು; ಅಂಗಡಿಯವರ ಮಾತಿನಲ್ಲಿ ಇದು ರೇನ್‌ಬೋ ಮೀನು. ಆಸ್ಟ್ರೇಲಿಯ ಮತ್ತು ನ್ಯೂಗಿನಿಯ ಸಿಹಿನೀರು ಇದರ ತವರು. ಇವುಗಳಲ್ಲಿ ಹೆಸರಾದ ಬೋಸ್ಮನಿ ಜಾತಿ ಪಶ್ಚಿಮ ಪಾಪುವದ ಅಯಮಾರು ಸರೋವರಗಳ ಆಸುಪಾಸಿನದು. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು 1980ರಲ್ಲಿ. ಪ್ರಾಯದ ಗಂಡಿನ ಮುಂಭಾಗ ಮಳೆಮೋಡದ ನೀಲಿ, ಹಿಂಭಾಗ ಮಾಗಿದ ಕಿತ್ತಳೆ. ಮರಿಯಲ್ಲಿ ಈ ಸೊಬಗು ಕಾಣದು. ಬೂದುಬಣ್ಣದ ಮರಿಗಳನ್ನು ತಂದವನು ತಿಂಗಳುಗಟ್ಟಲೆ ಕಾಯಬೇಕು.

ಸುಣ್ಣಕಲ್ಲಿನ ಸೀಮೆಯ ಮೀನಾದ್ದರಿಂದ ನಮ್ಮ ಕೊಳವೆಬಾವಿಗಳ ಗಡಸುನೀರಿಗೆ ಇದು ಬೆದರುವುದಿಲ್ಲ. ಬೆದರುವುದು ನಮ್ಮ ಬೇಸಗೆಗೆ. 24ರಿಂದ 28 ಡಿಗ್ರಿ ಶಾಖ ಇದಕ್ಕೆ ಹಿತ. ರಾಯಚೂರಿನ ಬಿಸಿಲೋ 40 ಡಿಗ್ರಿಯನ್ನು ದಾಟುತ್ತದೆ. ನೀರು ಕಾದಷ್ಟೂ ಅದರಲ್ಲಿ ಕರಗುವ ಪ್ರಾಣವಾಯು ಕಡಿಮೆ. ತೊಟ್ಟಿಯನ್ನು ನೆರಳಿನಲ್ಲಿಟ್ಟು ನೀರಿನ ಮೇಲೆ ಫ್ಯಾನಿನ ಗಾಳಿ ಹಾಯಿಸಿದರೆ, ಹರವಿಯ ನೀರು ತಣ್ಣಗಾಗುವ ನ್ಯಾಯದಲ್ಲಿಯೇ ಇದೂ ತಣಿಯುತ್ತದೆ. ಮೀನು ಜಿಗಿಯುವ ಸ್ವಭಾವದ್ದು. ಆದ್ದರಿಂದ ಬಲೆಯ ಮುಚ್ಚಳ ಬೇಕು. ಗುಂಪಿನಲ್ಲಿ ಬಾಳುವ ಜೀವವಾದ್ದರಿಂದ ನಾಲ್ಕಡಿ ಉದ್ದದ ತೊಟ್ಟಿಯಲ್ಲಿ ಆರೆಂಟಾದರೂ ಇರಬೇಕು.

ಬೆಳಗಿನ ಬೆಳಕು ಬಿದ್ದಾಗ ಗಂಡು ತಲೆಯ ಮೇಲೆ ಹೊಳಪಿನ ಗೆರೆಯೊಂದನ್ನು ಮೂಡಿಸಿಕೊಂಡು ಹೆಣ್ಣಿನ ಸುತ್ತ ಸುಳಿಯುತ್ತದೆ. ಹೆಣ್ಣು ಒಮ್ಮೆಗೇ ರಾಶಿ ಹಾಕದೆ ದಿನಕ್ಕೆ ಕೆಲವೇ ತತ್ತಿಗಳನ್ನಿಡುತ್ತದೆ. ತತ್ತಿಗಿರುವ ನವಿರಾದ ಅಂಟೆಳೆ, ನೀರೊಳಗಿನ ಗಿಡಕ್ಕೋ ನಾವು ಇಳಿಬಿಟ್ಟ ಬಣ್ಣಬಿಡದ ನೂಲಿನ ಕುಚ್ಚಿಗೋ ಹತ್ತಿಕೊಳ್ಳುತ್ತದೆ. ಹೆತ್ತವರು ಕಾಯುವವರಲ್ಲ, ಸಿಕ್ಕಿದರೆ ತಿನ್ನುವವರೇ! ಆದುದರಿಂದ ಕುಚ್ಚನ್ನು ಬೇರೆ ಪಾತ್ರೆಗೆ ಸಾಗಿಸಬೇಕು. ವಾರದಿಂದ ಹನ್ನೆರಡು ದಿನಗಳೊಳಗೆ ಮರಿಗಳು ನೀರಿನ ಮೇಲ್ಮೈಯಲ್ಲಿ ಚುಕ್ಕೆಗಳಂತೆ ಕಾಣುತ್ತವೆ. ಒಣಹುಲ್ಲು ನೆನೆಸಿಟ್ಟ ನೀರಿನಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳೇ ಅವುಗಳ ಮೊದಲ ತುತ್ತು.

ಇಷ್ಟರಿಂದ ಮರಿಗಳಾಗುವುವು, ವಂಶ ಉಳಿಯದು. ಈ ಕುಲದ ಬೇರೆ ಬೇರೆ ಜಾತಿಗಳನ್ನು ಒಂದೇ ತೊಟ್ಟಿಯಲ್ಲಿಟ್ಟರೆ ಅವು ಬೆರೆತು ಮರಿಹಾಕುತ್ತವೆ. ಹೆಣ್ಣುಗಳಂತೂ ಜಾತಿ ತಿಳಿಯದಷ್ಟು ಹೋಲುತ್ತವೆ. ತಾಳೆಗರಿಯ ಪ್ರತಿಗಳನ್ನು ಬಲ್ಲವರಿಗೆ ಈ ಸಂಕಟ ಗೊತ್ತು: ಲಿಪಿಕಾರನು ಎರಡು ಪರಂಪರೆಯ ಪಾಠಗಳನ್ನು ಬೆರೆಸಿಬಿಟ್ಟರೆ ಕವಿಯ ಮೂಲಪಾಠವನ್ನು ಬಿಡಿಸಿ ತೆಗೆಯುವುದು ದುಸ್ಸಾಧ್ಯ. ಇತರ ಪ್ರತಿಗಳಾದರೂ ಇದ್ದರೆ ಹೋಲಿಸಬಹುದು. ಬೋಸ್ಮನಿಯ ಮೂಲಪ್ರತಿಯೇ ಅಪಾಯದಲ್ಲಿದೆ. ಬಣ್ಣದ ಗಂಡುಗಳನ್ನೇ ಅಪಾರವಾಗಿ ಹಿಡಿದು ಮಾರಿದ್ದರಿಂದ ತವರಿನಲ್ಲಿ ಅದು ವಿನಾಶದ ಭೀತಿಯಲ್ಲಿರುವ ಜಾತಿಗಳ ಸಾಲಿಗೆ ಸೇರಿದೆ.

ಮರಿಗಳು ಹೆಚ್ಚಾದವೆಂದು ಹೊಳೆಗೆ ಬಿಡುವುದೂ ಸಲ್ಲದು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ ನಮ್ಮ ಕೆರೆ ಹೊಳೆಗಳನ್ನು ಸೇರಿ ನಾಡಮೀನುಗಳ ಅನ್ನಕ್ಕೆ ಪಾಲುಗಾರನಾಗಿರುವುದನ್ನು ಕಂಡಿದ್ದೇವೆ. ಹೆಚ್ಚಿನ ಮರಿಗಳನ್ನು ಆಸಕ್ತರಿಗೆ ಹಂಚುವುದೇ ಲೇಸು. ನಮ್ಮ ಮನೆಯಿಂದ ಮಾನ್ವಿಗೋ ದೇವದುರ್ಗಕ್ಕೋ ಮರಿಗಳು ಹೊರಟಾಗ ಜೊತೆಗೊಂದು ಚೀಟಿಯೂ ಹೋಗುತ್ತದೆ: ಜಾತಿ ಯಾವುದು, ತಾಯ್ತಂದೆಗಳನ್ನು ತಂದದ್ದೆಲ್ಲಿಂದ, ತತ್ತಿಯೊಡೆದದ್ದು ಯಾವ ತಿಂಗಳು. ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಬರೆಯುತ್ತಿದ್ದ ಪುಷ್ಪಿಕೆಯಂತೆ, ಅದಿಲ್ಲದೆ ಒಂದು ಮರಿಯನ್ನೂ ಕೊಡುವ ರೂಢಿ ನನ್ನಲ್ಲಿಲ್ಲ.